‘ಚೊಲೋ ಇದ್ದು’, ‘ಅಡ್ಡಿಲ್ಲೆ’, ‘ಇದ್ದಡ’: ಶಿರಸಿ ಮಳೆಗಾಲಕ್ಕೆ ಎಂತ ನೋಡೋದು, ಎಂತ ಓದೋದು, ಎಂತ ಕೇಳೋದು

ನಮ್ಮ ಶಿರಸಿ ಬದಿ ಹವ್ಯಕ ಮಾತಲ್ಲಿ ಸಿನಿಮಾಕ್ಕೋ ಪುಸ್ತಕಕ್ಕೋ ಮಾರ್ಕು ಹಾಕೋಕೆ ಸ್ಟಾರು ಗೀರು ಎಂತದೂ ಬೇಡ, ಮೂರು ಮಾತು ಸಾಕು. ‘ಚೊಲೋ ಇದ್ದು’ ಅಂದ್ರೆ ಹೇಳಿದವ ಖುದ್ದು ನೋಡಿ ಬಂದಿದಾನೆ, ಖುಷಿಯಾಗಿದೆ. ‘ಅಡ್ಡಿಲ್ಲೆ’ ಅಂದ್ರೆ ದುಡ್ಡು ದಂಡ ಆಗ್ಲಿಲ್ಲ, ಆದ್ರೆ ಇನ್ನೊಂದು ಸಲ ಕರೆದ್ರೆ ತೋಟಕ್ಕೆ ಮದ್ದು ಹೊಡೆಯೋದಿದೆ ಅಂತ ಜಾರ್ಕೊಳ್ತಾನೆ. ಮೂರನೇದು ‘ಚೊಲೋ ಇದ್ದಡ’. ಬಾಲಕ್ಕೆ ಅಂಟಿಕೊಂಡಿರೋ ಆ ‘ಅಡ’ ಅಂದ್ರೆ ‘ಅಂತೆ’, ಅಂದ್ರೆ ಹೇಳ್ತಾ ಇರೋನು ನೋಡಿಲ್ಲ, ಅವನಿಗೆ ಹೇಳಿದವನೂ ನೋಡಿರೋದು ಡೌಟು. ಸಿನಿಮಾ, ಕಾದಂಬರಿ, ಸಂಗೀತ ಅಂತ ನಂಗೆ ಈವರೆಗೆ ಆದ ಬೇಜಾರಲ್ಲಿ ಮುಕ್ಕಾಲು ಪಾಲು ಈ ‘ಅಡ’ದಿಂದಲೇ ಆದದ್ದು. ಕುಮಟೆಯಲ್ಲಿರೋ ನಮ್ಮ ಭಾವನಂತೂ ‘ಅಡ’ದ ಹೋಲ್‌ಸೇಲ್ ವ್ಯಾಪಾರಿ.

ಈಗ ಆ ಭಾವನ ಮಗಳು, ಅಂದ್ರೆ ನನ್ನ ಅಕ್ಕನ ಮಗಳು, ಬೆಂಗಳೂರಲ್ಲಿ ಸಾಫ್ಟ್‌ವೇರು, ಆಷಾಢದಲ್ಲಿ ಎರಡು ವಾರ ನಮ್ಮನೇಲೇ ಕೂತು ಕೆಲಸ ಮಾಡ್ತೇನೆ ಅಂತ ಬರೋಳಿದಾಳೆ, ‘ಮಾವ, ಎಂತ ನೋಡವು, ಎಂತ ಓದವು, ಒಂದು ಲಿಸ್ಟ್ ಕಳ್ಸು’ ಅಂತ ಮೆಸೇಜು ಹಾಕಿದ್ಲು. ವಾಟ್ಸಾಪಲ್ಲಿ ಬರೀತಾ ಬರೀತಾ ಇಷ್ಟುದ್ದ ಆಯ್ತು. ಲಿಸ್ಟ್ ಕೊಡೋದು ಸುಲಭ, ಆದ್ರೆ ಯಾವ್ದು ಒಳ್ಳೇದು ಯಾವ್ದು ಕೆಟ್ಟದ್ದು ಅಂತ ಹೇಳಿ ನಮ್ಮೂರಲ್ಲಿ ಪ್ರಯೋಜನ ಇಲ್ಲ ಮಾರಾಯ್ರೆ. ಇಲ್ಲಿ ಕೇಳ್ಬೇಕಾದ ಪ್ರಶ್ನೆ ಬೇರೆ. ಕರೆಂಟು ಇರ್ತದಾ, ಮಳೆ ಸದ್ದಿನಲ್ಲಿ ಕೇಳಿಸ್ತದಾ, ಕೈ ಖಾಲಿ ಇರ್ತದಾ, ಪಕ್ಕದಲ್ಲಿ ಯಾರು ಕೂತಿರ್ತಾರೆ, ಈ ನಾಲ್ಕು ನೋಡದೆ ಆರಿಸಿದ್ದಕ್ಕೇ ನಂಗೆ ಎಷ್ಟೋ ಒಳ್ಳೆ ಕೃತಿಗಳು ಬೋರಾಗಿ ಕಂಡಿದ್ದು ಅಂತ ಈಗೀಗ ಅನಿಸ್ತಾ ಇದೆ.

ದಪ್ಪ ಕಾದಂಬರಿನಾ, ಸಣ್ಣದಾ

ಮೊದಲು ಓದೋದೇ ಹೇಳ್ತೇನೆ, ಯಾಕಂದ್ರೆ ಜೋರು ಗಾಳಿ ಬಂದು ತಂತಿ ಮೇಲೆ ಮರ ಬಿದ್ರೆ ಎರಡು ದಿನ ನಮ್ಮಲ್ಲಿ ಕರೆಂಟಿಲ್ಲ, ಆಗ ಉಳಿಯೋದು ಪುಸ್ತಕ ಮತ್ತೆ ಅಜ್ಜನ ಜೊತೆ ಇಸ್ಪೀಟು. ನಮ್ಮ ಉತ್ತರ ಕನ್ನಡ ಜಿಲ್ಲೆಯವರೇ ಇಬ್ಬರನ್ನ ಇಟ್ಕೊಂಡು ಹೋಲಿಸೋಣ. ಒಂದು ಯಶವಂತ ಚಿತ್ತಾಲರ ಶಿಕಾರಿ, 1979ರದ್ದು. ಇನ್ನೊಂದು ವಿವೇಕ ಶಾನಭಾಗರ ಘಾಚರ್ ಘೋಚರ್, 2013ರದ್ದು. ಚಿತ್ತಾಲರದ್ದು ಹನೇಹಳ್ಳಿ, ಶಾನಭಾಗರದ್ದು ಅಂಕೋಲೆ.

ಘಾಚರ್ ಘೋಚರ್ ಸಣ್ಣದು. ಶಿರಸಿಯಲ್ಲಿ ಹುಬ್ಬಳ್ಳಿ ಬಸ್ ಹತ್ತಿದ್ರೆ ಹುಬ್ಬಳ್ಳಿ ಬರೋದ್ರೊಳಗೆ ಮುಕ್ಕಾಲು ಮುಗೀತದೆ, ನಾನು ಹಾಗೇ ಓದಿದ್ದು, ಇಳಿದ ಮೇಲೆ ಸ್ಟ್ಯಾಂಡಲ್ಲೇ ಒಂದು ಚಾ ತಗೊಂಡು ಉಳಿದಿದ್ದು ಮುಗಿಸಿದೆ. ಬಡತನದಲ್ಲಿ ಒಟ್ಟಿಗಿದ್ದ ಮನೆಗೆ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಬಂದಾಗ ಎಂತ ಆಗ್ತದೆ ಅನ್ನೋದೇ ಕತೆ, ಎಲ್ಲೂ ಕೂಗಾಟ ಇಲ್ಲ, ಹೇಳೋನು ಕಾಫಿ ಹೌಸಲ್ಲಿ ಕೂತು ತಣ್ಣಗೆ ಹೇಳ್ತಾ ಹೋಗ್ತಾನೆ, ಆದ್ರೆ ಮುಗಿಸಿ ಮನೆಗೆ ಬಂದು ಊಟಕ್ಕೆ ಕೂತಾಗ ನಮ್ಮನೆಯವರ ಮುಖ ನೋಡೋಕೂ ಒಂಥರಾ ಆಯ್ತು. ಒಂದೇ ಕೂತ್ಕಾಲಿಗೆ ಓದೋರಿಗೆ ಇದು. ದಿನಕ್ಕೆ ನಾಲ್ಕು ಪುಟ ಅಂತ ಓದಿದ್ರೆ ‘ಇದ್ರಲ್ಲೆಂತ ಇದ್ದು’ ಅನಿಸಿಬಿಡ್ತದೆ.

ಶಿಕಾರಿ ಹಾಗಲ್ಲ. ಅದು ಕೂತು ಅಗಿಯೋ ಕವಳ (ಎಲೆಅಡಿಕೆ), ಸಾವಕಾಶ ರಸ ಬಿಡೋದು. ಮುಂಬೈಯ ಕಂಪನಿಯೊಂದ್ರಲ್ಲಿ ಕೆಲಸ ಮಾಡೋ ನಾಗಪ್ಪನನ್ನ ಸಸ್ಪೆಂಡ್ ಮಾಡಿಬಿಡ್ತಾರೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ, ಅಲ್ಲಿಂದ ಅವನ ಹೆದರಿಕೆ, ಸಂಶಯ, ಹಳೇ ನೆನಪು ಎಲ್ಲ ಬಿಚ್ಚಿಕೊಳ್ತಾ ಹೋಗ್ತದೆ. ಮೊದಲ ಸಲ ಕಾಲೇಜಲ್ಲಿದ್ದಾಗ ಅರ್ಧಕ್ಕೇ ಬಿಟ್ಟಿದ್ದೆ. ತಪ್ಪು ಪುಸ್ತಕದ್ದಲ್ಲ. ‘ನಮ್ಮ ಕಡೆಯವರು ಬರೆದಿದ್ದಡ, ಸಮುದ್ರ ಎಲ್ಲ ಬತ್ತಡ’ ಅಂತ ಯಾರೋ ಹೇಳಿದ್ದು ತಲೇಲಿ ಇಟ್ಕೊಂಡು ಹನೇಹಳ್ಳಿಯ ಗಾಳಿ ಹುಡುಕ್ತಾ ಹೋದ್ರೆ ಸಿಕ್ಕಿದ್ದು ಆಫೀಸು, ಫ್ಲ್ಯಾಟು, ಲಿಫ್ಟು. ಹತ್ತು ವರ್ಷ ಆದ್ಮೇಲೆ, ನಾನೂ ಒಂದು ಆಫೀಸಲ್ಲಿ ಬಾಸ್ ಹತ್ರ ಬೈಸಿಕೊಂಡು ಊರಿಗೆ ವಾಪಸ್ ಬಂದ ವರ್ಷದ ಮಳೆಗಾಲದಲ್ಲಿ ಮತ್ತೆ ತೆಗೆದೆ, ಕೆಳಗಿಡೋಕೆ ಆಗ್ಲಿಲ್ಲ. ಹಾಗಾಗಿ ನನ್ನ ಸಲಹೆ: ಇನ್ನೂ ಕೆಲಸಕ್ಕೆ ಸೇರದ ಹುಡುಗರು ಶಿಕಾರಿಗೆ ಕೈ ಹಾಕೋದು ಬೇಡ, ಒಂದು ಅಪ್ರೈಸಲ್ ಆದ್ಮೇಲೆ ಓದಿ. ಹನೇಹಳ್ಳಿಯೇ ಬೇಕು ಅನ್ನೋರು ಚಿತ್ತಾಲರ ಕತೆಗಳಿಗೆ ಹೋಗಿ, ಕತೆಯಾದಳು ಹುಡುಗಿ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಅಲ್ಲಿಂದ ಶುರು ಮಾಡಬಹುದು. ಕಡಲೇ ಬೇಕು ಅಂದ್ರೆ ಶಾನಭಾಗರ ಒಂದು ಬದಿ ಕಡಲು ಇದೆ, ಹೆಸರೇ ಹೇಳ್ತದೆ.

ನಡುವೆ ಒಂದು ಮಾತು. ಚಿತ್ತಾಲರು ಮುಂಬೈ ಬರೆದ್ರು, ಗೋಕರ್ಣದ ಜಯಂತ ಕಾಯ್ಕಿಣಿಯವರ ಎಷ್ಟೋ ಕತೆ ಮುಂಬೈಯದ್ದು, ಆ ಮುಂಬೈ ಕತೆಗಳ ಇಂಗ್ಲಿಷ್ ಅನುವಾದಕ್ಕೇ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡೋ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ನಮ್ಮೋರಿಗೆ ಯಾಕಪ್ಪ ಮುಂಬೈ ಹುಚ್ಚು ಅಂತ ಕೇಳೋರಿಗೆ: 1862ರಿಂದ 1956ರ ತನಕ ನಮ್ಮ ಜಿಲ್ಲೆ ಇದ್ದದ್ದೇ ಮುಂಬೈ ಪ್ರಾಂತ್ಯದ ಜೊತೆ. ಕರಾವಳಿಯ ಮನೆಮನೆಯಿಂದ ಒಬ್ಬ ಅಲ್ಲಿಗೆ ಕೆಲಸಕ್ಕೆ ಹೋದೋನು ಇರ್ತಿದ್ದ, ಬೆಂಗಳೂರು ಆಗ ಪರಸ್ಥಳ. ಇದು ಗೊತ್ತಿದ್ರೆ ‘ಊರು ಬಿಟ್ಟು ಬೇರೆ ಎಂತಕ್ಕೆ ಬರೆದ್ರು’ ಅನ್ನೋ ಬೇಜಾರು ಹೋಗ್ತದೆ. ಅವರ ಊರಲ್ಲಿ ಮುಂಬೈಯೂ ಸೇರಿತ್ತು, ಅಷ್ಟೆ.

ಪುಸ್ತಕ ಮೊದಲಾ, ಸಿನಿಮಾ ಮೊದಲಾ

ಇದಕ್ಕೆ ಎಲ್ರೂ ‘ಪುಸ್ತಕ ಮೊದಲು’ ಅಂತಾರೆ, ಪುಸ್ತಕದಷ್ಟು ಸಿನಿಮಾ ಬಂದಿಲ್ಲ ಅಂತಲೂ ಸೇರಿಸ್ತಾರೆ, ಅರ್ಧ ಜನ ಪುಸ್ತಕ ಓದಿರೋದಿಲ್ಲ ಬಿಡಿ. ನಾ ಉಲ್ಟಾ ಹೇಳ್ತೇನೆ, ದ್ವೀಪದ ವಿಷಯದಲ್ಲಂತೂ. ಸಾಗರದ ನಾ. ಡಿಸೋಜರ ಕಾದಂಬರಿ, ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದ್ರು, ಸೌಂದರ್ಯ ಅದರ ನಿರ್ಮಾಪಕಿಯೂ ಹೌದು ನಾಯಕಿಯೂ ಹೌದು, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಅಣೆಕಟ್ಟಿನ ನೀರು ಏರ್ತಾ ಏರ್ತಾ ಗುಡ್ಡದ ಮೇಲಿನ ಒಂದು ಮನೆ ದ್ವೀಪ ಆಗೋದು, ಊರೋರೆಲ್ಲ ಪರಿಹಾರ ತಗೊಂಡು ಹೋದ್ಮೇಲೂ ಒಂದು ಸಂಸಾರ ಉಳಿಯೋದು.

ಸಿನಿಮಾ ಮೊದಲು ನೋಡಿದ್ರೆ ಆ ಮಳೆ ಕಣ್ಣಿಗೆ ಕೂತ್ಕೊಳ್ತದೆ, ಪ್ರಶಸ್ತಿ ಛಾಯಾಗ್ರಹಣಕ್ಕೂ ಬಂದಿದೆ, ಸುಮ್ನೆ ಅಲ್ಲ. ಆಮೇಲೆ ಕಾದಂಬರಿ ಓದಿದ್ರೆ ಯಾರ ಮನಸ್ಸಲ್ಲಿ ಎಂತ ನಡೀತಿತ್ತು ಅನ್ನೋದು ಬಿಚ್ಚಿಕೊಳ್ತದೆ. ಪುಸ್ತಕ ಮೊದಲು ಓದಿದ ನನ್ನ ದೋಸ್ತ ಒಬ್ಬ ಸಿನಿಮಾ ಉದ್ದಕ್ಕೂ ‘ಹಿಂಗಿಲ್ಲೆ, ಪುಸ್ತಕದಲ್ಲಿ ಬೇರೆ’ ಅಂತ ಪಕ್ಕದಲ್ಲಿ ಕುಟುಕ್ತಾ ಇದ್ದ, ಅವನ ಜೊತೆ ನೋಡಿದ್ದಕ್ಕೆ ನಂಗೆ ಆ ಸಲ ಸಿನಿಮಾ ‘ಅಡ್ಡಿಲ್ಲೆ’. ಮುಂದೊಂದು ವರ್ಷ ಜೋಯಿಡಾ ಕಡೆಯ ಒಬ್ಬರು ಹಿರಿಯರ ಜೊತೆ ನೋಡಿದೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೇ ಸೂಪಾ ಊರೇ ನೀರೊಳಗೆ ಹೋಯ್ತಲ್ಲ, ಅವರ ಮನೆಯೂ ಅದ್ರಲ್ಲೇ. ಸಿನಿಮಾ ಮುಗಿಯೋ ತನಕ ಅವರು ಒಂದು ಮಾತೂ ಆಡಲಿಲ್ಲ, ಮುಗಿದ ಮೇಲೆ ‘ನಮ್ಮನೆ ಬಾವಿ ಕಟ್ಟೆ ಹೀಗೇ ಮುಳುಗಿದ್ದು’ ಅಂದ್ರು, ಎದ್ದು ಹೊರಗೆ ಹೋದ್ರು. ಆವತ್ತಿಂದ ಅದು ‘ಚೊಲೋ ಇದ್ದು’. ಸಿನಿಮಾ ಅದೇ, ಡಿವಿಡಿಯೂ ಅದೇ.

ಥಿಯೇಟರಾ, ಮನೇಲಾ

ಮುಂಗಾರು ಮಳೆ ಬಂದಿದ್ದು 2006ರ ಕೊನೆಗೆ, ನಾನು ನೋಡಿದ್ದು ಆಮೇಲೆ ಒಂದೆರಡು ತಿಂಗಳಿಗೆ, ಶಿರಸಿಯ ಒಂದು ಥಿಯೇಟರಲ್ಲಿ, ಹಿಂದಿನ ಸಾಲಿನ ಸೀಟಿನ ಸ್ಪ್ರಿಂಗು ಚುಚ್ಚುತಿತ್ತು. ಜೋಗ ತೆರೆಮೇಲೆ ಬಂದಾಗ ಸಿದ್ದಾಪುರದ ಹುಡುಗ್ರು ಶಿಳ್ಳೆ ಹೊಡೆದಿದ್ದು ಇನ್ನೂ ಕಿವೀಲಿದೆ. ಅದೇ ಸಿನಿಮಾ ಹೋದ ವರ್ಷ ಮನೇಲಿ ಲ್ಯಾಪ್‌ಟಾಪಲ್ಲಿ ಹಾಕಿದ್ರೆ ಹೊರಗೆ ಸುರೀತಾ ಇರೋ ಅಸಲಿ ಮಳೆ ಮುಂದೆ ತೆರೆಮೇಲಿನ ಮಳೆ ಸಪ್ಪೆ ಕಂಡ್ತು. ಮಳೆ ಸಿನಿಮಾಗಳನ್ನ ಬೇಸಿಗೇಲಿ ನೋಡಿ, ಏಪ್ರಿಲ್ ಸೆಕೆಗೆ ಬೆಸ್ಟು. ಹಾಡುಗಳ ಕತೆ ಬೇರೆ. ಕಾಯ್ಕಿಣಿಯವರು ಬರೆದದ್ದನ್ನ ನಾನು ಸಿನಿಮಾ ಬಿಟ್ಟು, ಚಿತ್ರ ಬಿಟ್ಟು ಬರೀ ಕಿವೀಲಿ ಕೇಳೋದೇ ಹೆಚ್ಚು, ದೇವಿಮನೆ ಘಾಟಿ ಇಳಿಯುವಾಗ ಬಸ್ಸಿನ ಕಿಟಕಿ ಬದಿ ಸೀಟು ಸಿಕ್ಕಿದ್ರೆ ಇನ್ನೆಂತ ಬೇಕು.

ಸಪ್ತ ಸಾಗರದಾಚೆ ಎಲ್ಲೋ ವಿಷಯದಲ್ಲಿ ಸೈಡ್ ಎ ಮತ್ತೆ ಸೈಡ್ ಬಿ ಯಾವ್ದು ಮೇಲು ಅಂತ ನಮ್ಮ ಗೆಳೆಯರ ನಡುವೆ ಈಗಲೂ ಜಗಳ. 2023ರ ಸೆಪ್ಟೆಂಬರ್ 1ಕ್ಕೆ ಎ, ನವೆಂಬರ್ 17ಕ್ಕೆ ಬಿ. ಥಿಯೇಟರಲ್ಲಿ ಆ ಎರಡೂವರೆ ತಿಂಗಳ ಗ್ಯಾಪಲ್ಲಿ ನಾವೆಲ್ಲ ಮನು ಪ್ರಿಯಾ ಮತ್ತೆ ಸಿಗ್ತಾರೆ ಅಂತ ಮನಸ್ಸಲ್ಲೇ ಒಂದೊಂದು ಸಿನಿಮಾ ಮಾಡ್ಕೊಂಡಿದ್ವಿ, ಹಾಗಾಗಿ ಬಿ ನೋಡಿ ಹೊರಗೆ ಬಂದಾಗ ನಂಗೆ ಹೊಟ್ಟೇಲಿ ಸಂಕಟ, ದೋಸ್ತನಿಗೆ ಸಿಟ್ಟು. ಎ ಪ್ರೀತಿಯ ಕತೆ, ಬಿ ಪ್ರೀತಿ ಕೊಳೆಯೋ ಕತೆ, ಹಾಗಂತ ಮೊದಲೇ ತಿಳ್ಕೊಂಡು ಹೋದ್ರೆ ಬಿ ತಡ್ಕೋಬಹುದು. ಒಂದೇ ರಾತ್ರಿ ಎರಡನ್ನೂ ನೋಡ್ತೇನೆ ಅಂತ ಹೊರಡಬೇಡ ಕೂಸೇ. ಎ ನೋಡು, ಎರಡು ದಿನ ಬಿಡು, ಅಪ್ಪೆಹುಳಿ ಕುಡಿ, ತಂಬುಳಿ ಉಣ್ಣು, ಆಮೇಲೆ ಬಿ. ನಂಗೆ ಕೇಳಿದ್ರೆ ಎ ‘ಚೊಲೋ ಇದ್ದು’, ಬಿ ‘ಅಡ್ಡಿಲ್ಲೆ’, ಆದ್ರೆ ಬಿಯ ಸಂಗೀತಕ್ಕೆ ಮಾತ್ರ ಮತ್ತೊಂದು ಸಲ ಕೂತೇನು.

ಬಂಡೆ ಶಿಖರಗಳ ಯಾಣದ್ದೂ ಇದೇ ಕತೆ. ತೊಂಬತ್ತರ ದಶಕದಲ್ಲಿ ಸುನೀಲ್ ಕುಮಾರ್ ದೇಸಾಯಿ ನಮ್ಮೂರ ಮಂದಾರ ಹೂವೇ ತೆಗೆದ ಮೇಲೆ ಯಾಣಕ್ಕೆ ಜನವೋ ಜನ. ಸಿನಿಮಾ ನೋಡಿ ಯಾಣಕ್ಕೆ ಹೋಗೋದಾ, ಯಾಣ ನೋಡಿ ಸಿನಿಮಾ ನೋಡೋದಾ ಅಂದ್ರೆ ಎರಡನೇದೇ ಸರಿ. ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90 ಮೀಟರು, ಕೆಳಗೆ ನಿಂತು ಕತ್ತು ಎತ್ತಿದ್ರೆ ಟೋಪಿ ಬೀಳ್ತದೆ, ಅದನ್ನ ಯಾವ ಕ್ಯಾಮೆರಾ ಹಿಡೀತದೆ. ಇಳಯರಾಜರ ಹಾಡು ಮಾತ್ರ ಎಲ್ಲಿ ಬೇಕಾದ್ರೂ ಕೇಳಿ. ಮಳೆಗಾಲದಲ್ಲಿ ಅಲ್ಲಿ ಇಂಬಳ (ರಕ್ತ ಹೀರೋ ಜಿಗಣೆ), ಉಪ್ಪು ಸುಣ್ಣ ಹಿಡ್ಕೊಂಡೇ ಹೋಗ್ಬೇಕು.

ಮೊಬೈಲಲ್ಲಿ ಸಿನಿಮಾ ನೋಡೋದ್ರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ನೆಟ್ಟು ಸಿಗೋದು ನಮ್ಮನೆ ಕೊಟ್ಟಿಗೆ ಮೂಲೇಲಿ, ದನಗಳ ಜೊತೆ ನಿಂತು ಎಷ್ಟು ಹೊತ್ತು ನೋಡ್ತೀರಿ.

ಆಟಾನಾ, ತಾಳಮದ್ದಲೆನಾ

ಇಲ್ಲಿ ನಾನು ಸ್ವಲ್ಪ ಉದ್ದ ಹೇಳ್ತೇನೆ, ಬೇಡದವರು ಮುಂದೆ ಹಾರಿ.

ಆಟ ಅಂದ್ರೆ ವೇಷ ಕಟ್ಟಿ ಕುಣಿಯೋ ಯಕ್ಷಗಾನ. ಬೆಂಗಳೂರಿಂದ ಬರೋ ಹುಡುಗರು ‘ಯಕ್ಷಗಾನ ನೋಡವು’ ಅಂತ ಆಷಾಢದಲ್ಲಿ ಬರ್ತಾರೆ. ಬಯಲಾಟದ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾದ್ರೆ ಮೇ ಕೊನೆಗೆ ಮುಗೀತದೆ, ಮಳೇಲಿ ಯಾರು ಟೆಂಟು ಹಾಕ್ತಾರೆ. ಮಳೆಗಾಲಕ್ಕೆ ಇರೋದು ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ಮದ್ದಲೆ ಚಂಡೆ ಇರ್ತದೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲೇ ಕೂತು ಮಾತಲ್ಲೇ ಯುದ್ಧ ಮಾಡ್ತಾರೆ. ಕನ್ನಡ ಅಷ್ಟಾಗಿ ಬಾರದ ಹುಡುಗನ್ನ ಮೊದಲೇ ತಾಳಮದ್ದಲೆಗೆ ಕರ್ಕೊಂಡು ಹೋದ್ರೆ ಅವನು ಜನ್ಮದಲ್ಲಿ ಮತ್ತೆ ಬರೋದಿಲ್ಲ, ಅಂಥವರಿಗೆ ಜನವರಿಯಲ್ಲಿ ಆಟ, ಬಣ್ಣ, ಕಿರೀಟ, ಪಾತ್ರ ಮೊದಲು ರಂಗಕ್ಕೆ ಬರೋ ಒಡ್ಡೋಲಗ. ಆದ್ರೆ ಮಾತಿನ ರುಚಿ ಇರೋರಿಗೆ ತಾಳಮದ್ದಲೆ ಮುಂದೆ ಬೇರೆ ಎಲ್ಲ ಕಮ್ಮಿ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನಿಗೆ ‘ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ’ ಅಂತ ಹಿಡ್ಕೊಂಡಾಗ, ರಾಮನ ಅರ್ಥ ಹೇಳೋರು ಜಾಣರಾಗಿದ್ರೆ ಒಂದು ಗಂಟೆ ಹೋಗಿದ್ದು ಗೊತ್ತಾಗೋದಿಲ್ಲ. ಮತ್ತೆ ಇದು ಬರೆದಿಟ್ಟ ಡೈಲಾಗಲ್ಲ, ಅಲ್ಲೇ ಹುಟ್ಟೋದು, ಇವತ್ತು ವಾಲಿ ಗೆದ್ದ ಅಂತ ಅನಿಸಿದ್ರೆ ಮುಂದಿನ ವಾರ ಇನ್ನೊಂದೂರಲ್ಲಿ ರಾಮ ಗೆದ್ದಿರ್ತಾನೆ.

ಕರೆಂಟು ಹೋದ್ರೂ ತಾಳಮದ್ದಲೆ ನಿಲ್ಲೋದಿಲ್ಲ, ಇದೂ ಒಂದು ಪ್ಲಸ್ ಪಾಯಿಂಟು. ಗ್ಯಾಸ್ ಲೈಟು ಹಚ್ತಾರೆ, ಮೈಕಿಲ್ಲದೆ ಶುರು.

ಇನ್ನು ರೆಕಾರ್ಡಿಂಗು ನೋಡೋರಿಗೆ ಒಂದು ಹೋಲಿಕೆ. ಹೊನ್ನಾವರ ತಾಲೂಕಿನ ಎರಡು ದಾರಿ. ಒಂದು ಕೆರೆಮನೆ, ಗುಣವಂತೆಯ ಇಡಗುಂಜಿ ಮೇಳ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು, ಆಮೇಲೆ ಶಂಭು ಹೆಗಡೆಯವರು ನಡೆಸಿದ್ದು. ಇನ್ನೊಂದು ಚಿಟ್ಟಾಣಿ ರಾಮಚಂದ್ರ ಹೆಗಡೆ, 2012ರಲ್ಲಿ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡ್ರು. ಕೆರೆಮನೆಯದ್ದು ಅಳತೆ, ಪಾತ್ರ ಎಲ್ಲೂ ಚೆಲ್ಲೋದಿಲ್ಲ. ಚಿಟ್ಟಾಣಿಯವರದ್ದು ಬೆಂಕಿ, ಕೀಚಕ ಭಸ್ಮಾಸುರ ಬಂದ್ರೆ ಹಿಂದೆ ಕೂತು ತೂಕಡಿಸ್ತಿದ್ದ ಅಜ್ಜಂದಿರೂ ಎದ್ದು ಕೂರ್ತಿದ್ರು, ಎಂಬತ್ತರ ಹತ್ತಿರ ಬಂದ್ರೂ ಆ ಕಣ್ಣು ಆ ಹೆಜ್ಜೆ. ಸಣ್ಣೋನಿದ್ದಾಗ ನಾನು ಪಕ್ಕಾ ಚಿಟ್ಟಾಣಿ ಪಾರ್ಟಿ, ಕೆರೆಮನೆ ಅಂದ್ರೆ ಬೋರು ಅಂತಿದ್ದೆ. ಈಗ ಎರಡೂ ಬೇಕು, ಆದ್ರೆ ಯೂಟ್ಯೂಬಲ್ಲಿ ನೋಡೋದಾದ್ರೆ ಕೆರೆಮನೆ ಶೈಲಿ ಹೆಚ್ಚು ನಿಲ್ತದೆ, ಚಿಟ್ಟಾಣಿಯವರ ಅರ್ಧ ಮಜಾ ಸುತ್ತ ಕೂತ ಜನರಲ್ಲಿತ್ತು, ಅದು ವಿಡಿಯೋದಲ್ಲಿ ಬರೋದಿಲ್ಲ.

ನಿರಾಸೆ ಮಾಡಿದ್ದು ಅಂದ್ರೆ ಸಿನಿಮಾ ಕತೆ ಎತ್ತಿಕೊಂಡು ಮಾಡೋ ಕೆಲವು ಹೊಸ ಸಾಮಾಜಿಕ ಪ್ರಸಂಗಗಳು. ಹಾಸ್ಯಗಾರ ವಾಟ್ಸಾಪ್ ಜೋಕು ಹೊಡೆದ್ರೆ ಜನ ನಗ್ತಾರೆ, ನಾನೂ ನಕ್ಕಿದ್ದೇನೆ, ಮನೆಗೆ ಬಂದು ಹಾಸಿಗೆಗೆ ಬೀಳುವಾಗ ಒಂದು ಪದ್ಯವೂ ನೆನಪಿರೋದಿಲ್ಲ. ರಾತ್ರಿ ಪೂರ್ತಿ ಕೂರೋಕೆ ಆಗದವರಿಗೆ ಕಾಲಮಿತಿ ಆಟ ಒಳ್ಳೇದೇ, ಮೂರು ಗಂಟೇಲಿ ಮುಗೀತದೆ, ಬೈಯೋರು ಬೈತಾರೆ, ಮರುದಿನ ಆಫೀಸು ಇರೋರ ಕಷ್ಟ ಅವರಿಗೇನು ಗೊತ್ತು.

ಕೈಗೆ ಕೆಲಸ ಇದ್ರೆ ಕಿವಿಗೆ ಎಂತ

ಅಕ್ಕನ ಮಗಳು ಅಡಿಕೆ ಕೊಯ್ಲಿಗೆ ಬರೋದಾದ್ರೆ ಇದು ಬೇಕಾಗ್ತದೆ. ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲೀತಾ ಇರುವಾಗ ಕಣ್ಣು ಬೇರೆ ಕಡೆ ಹೋದ್ರೆ ಬೆರಳು ಹೋಯ್ತು, ಹಾಗಾಗಿ ಸಿನಿಮಾ ಔಟ್, ಪುಸ್ತಕ ಔಟ್, ಉಳಿಯೋದು ಕೇಳೋದೊಂದೇ. ಅಲ್ಲಿ ಹಿಂದೂಸ್ತಾನಿ ಖಯಾಲಾ, ಭಾಗವತಿಕೆಯಾ ಅಂತ ನಮ್ಮನೇಲಿ ದಿನಾ ಚರ್ಚೆ. ಭಾಗವತಿಕೆ ಹಾಕಿದ್ರೆ ಕೈ ಸ್ಪೀಡಾಗ್ತದೆ, ಯುದ್ಧದ ಪದ್ಯಕ್ಕೆ ಚಂಡೆ ಬಿದ್ರೆ ಡಬ್ಬಿ ಬೇಗ ತುಂಬ್ತದೆ. ಖಯಾಲು ಹಾಕಿದ್ರೆ ಕೈ ನಿಧಾನ, ಆದ್ರೆ ಮಾತು ನಿಲ್ತದೆ, ರಾತ್ರಿ ಹನ್ನೊಂದಾದ್ರೂ ಬೇಜಾರಿಲ್ಲ.

ಮಳೆಗಾಲದಲ್ಲಿ ಮಾತ್ರ ವಿಲಂಬಿತ, ಅಂದ್ರೆ ನಿಧಾನ ಲಯದ ಖಯಾಲು, ಹಾಕಲೇಬೇಡಿ. ನಮ್ಮನೆ ಹಿಂದಿನ ಚಾವಡಿಗೆ ತಗಡಿನ ಶೀಟು, ಅದ್ರ ಮೇಲೆ ಮಳೆ ಹೊಡೀತಿದ್ರೆ ಗವಾಯಿಗಳು ಷಡ್ಜ ಹಿಡಿದಿದ್ದು ತಗಡಿಗೇ ಅರ್ಪಣೆ. ಮಿಯಾ ಮಲ್ಹಾರ್ ಮಳೆಯ ರಾಗ ಅಂತ ಉಮೇದಲ್ಲಿ ಹಾಕಿ ಸೋತೋನು ನಾನು. ಮಳೆ ಸದ್ದು ದಾಟಿ ಬರೋದು ಎರಡೇ, ಚಂಡೆ ಮತ್ತೆ ನಮ್ಮ ಆಯಿ ಊಟಕ್ಕೆ ಕರೆಯೋದು. ಖಯಾಲು ಕೇಳೋಕೆ ಮಳೆ ಹೋದ್ಮೇಲೆ, ಚಳಿ ಬೀಳೋ ಹೊತ್ತಿಗೆ ಯಾರದಾದ್ರೂ ಮನೆ ಜಗುಲಿ ಬೈಠಕ್ಕಿಗೆ ಬಾ. ಹಾಸಣಗಿ ಗಣಪತಿ ಭಟ್ಟರಂಥವರು, ಬಸವರಾಜ ರಾಜಗುರುಗಳ ಶಿಷ್ಯರು, ನಮ್ಮ ಕಡೆಯವರೇ, ಅಂಥವರನ್ನ ಹತ್ತು ಅಡಿ ದೂರದಲ್ಲಿ ಕೂತು ಕೇಳೋದಕ್ಕೂ ಸಭಾಭವನದ ಹಿಂದಿನ ಸಾಲಲ್ಲಿ ಕೇಳೋದಕ್ಕೂ ಹೋಲಿಕೆಯೇ ಇಲ್ಲ, ರಾಗ ಗೊತ್ತಿಲ್ಲದವನಿಗೂ ಉಸಿರು ತಗೊಳ್ಳೋದು ಕೇಳ್ತದೆ. ಹೊಸಬರಿಗೆ ಮೊದಲು ಅಭಂಗ, ದಾಸರ ಪದ, ಆಮೇಲೆ ವೇಗದ ಲಯದ ದ್ರುತ್, ಕೊನೆಗೆ ವಿಲಂಬಿತ, ಅಂದ್ರೆ ಕಛೇರಿಯ ಕ್ರಮಕ್ಕೆ ಉಲ್ಟಾ. ಕಾರವಾರ ಕಡೆಯ ಹಿರಿಯರಾದ್ರೆ ನಾಟ್ಯಸಂಗೀತದಿಂದ ಶುರು ಮಾಡು ಅಂತಾರೆ, ಮರಾಠಿ ಅರ್ಥ ಆಗೋರಿಗೆ ಅದೂ ಅಡ್ಡಿಲ್ಲೆ.

ಇಷ್ಟು ಬರೆದು ಮುಗಿಸ್ತಾ ಇರುವಾಗ ಕುಮಟೆಯಿಂದ ಭಾವನ ಫೋನು. ‘ಹೊಸ ಕಾದಂಬರಿ ಒಂದು ಬಂಜು, ಭಾರೀ ಚೊಲೋ ಇದ್ದಡ, ಕೂಸಿಗೆ ಹೇಳು’ ಅಂದ್ರು. ‘ಭಾವ, ನಿಂಗ ಓದಿದ್ರಾ’ ಕೇಳಿದೆ. ‘ಇಲ್ಯೋ, ನಿನ್ನ ಅಕ್ಕ ಓದಿದ್ದು’ ಅಂದ್ರು. ಅಕ್ಕನ ಕೈಗೆ ಫೋನ್ ಕೊಡಿ ಅಂದೆ.